ಗಿರಿಮಲ್ಲಪ್ಪ ಬರೆದ ಖರೆ ಗುರುತು

ಅಂದು ಬೆಳಿಗ್ಗೆ ಮುದ್ರೆ ಒತ್ತುವ ಶಿಕ್ಕೆಯ ರಬ್ಬರು ಕಿತ್ತು ಬಾರದೆ ಇದ್ದಿದ್ದರೆ ಗಿರಿಮಲ್ಲಪ್ಪನ ಕೈಗೆ ಪೆನ್ನು ಬರುತ್ತಿರಲಿಲ್ಲ. ಪೆನ್ನು ಬರದೆ ಇದ್ದಿದ್ದರೆ, ಮೂವತ್ತೊಂಬತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದ ಮನುಷ್ಯ ಒಂದೇ ಹಗಲಿನಲ್ಲಿ ಮೂರು ಊರಿನ ವ್ಯಾಪಾರಸ್ಥರ ಮುಂದೆ ಆ ಪರಿ ಬೆವರುತ್ತಿರಲಿಲ್ಲ.

ಬನಹಟ್ಟಿಯ ಶಿದ್ರಾಮಪ್ಪ ಸಾವಕಾರರ ಸೀರೆ ಕಾರಖಾನೆಯಲ್ಲಿ ಅವನದೊಂದು ವಿಚಿತ್ರ ಕೆಲಸ. ಮಗ್ಗದಿಂದ ಇಳಿದ ಪ್ರತಿ ಸೀರೆಯ ಸೆರಗಿನ ಹಿಂದೆ ಒಂದು ಬಟ್ಟೆಯ ಚೀಟಿ ಹೊಲಿದಿರುತ್ತಾರೆ. ಅದಕ್ಕೆ ಅವನು ಶಿಕ್ಕೆ ಒತ್ತಬೇಕು. ಆದರೆ ಶಾಯಿ ಕಣ್ಣಿಗೆ ಕಾಣುವಂಥದ್ದಲ್ಲ. ಒತ್ತಿದ ಮೇಲೂ ಚೀಟಿ ಮೊದಲಿದ್ದಷ್ಟೇ ಖಾಲಿ. ನೇರಳೆ ಬೆಳಕಿನ ಬ್ಯಾಟರಿ ಹಿಡಿದರೆ ಮಾತ್ರ ಒಂದು ಹಸಿರು ನವಿಲು ಹೊಳೆದು ಏಳುತ್ತದೆ. ಎರಡು ವರ್ಷದ ಕೆಳಗೆ ಯಾರೋ ಎಲ್ಲಿಂದಲೋ ಕಳಪೆ ಮಾಲು ತಂದು, ಸಾವಕಾರರ ಹೆಸರಿನ ಚೀಟಿ ಹಚ್ಚಿ ಮಾರತೊಡಗಿದಾಗ ಹದಿನಾಲ್ಕು ಮಗ್ಗಗಳಲ್ಲಿ ಐದು ನಿಂತುಹೋಗಿದ್ದವು. ಆಗ ಬಂದದ್ದು ಈ ಶಾಯಿ.

"ನಿನ್ನ ಮಗ ಏನ ಕೆಲಸಾ ಮಾಡ್ತಾನ?" ಎಂದು ಯಾರಾದರೂ ಕೇಳಿದರೆ ಅವನ ಅವ್ವ ಕರೆವ್ವ, "ಏನೋ ಒತ್ತತಾನವ್ವಾ, ಒತ್ತಿದ್ದು ಮಾತ್ರ ಕಾಣೂದಿಲ್ಲ" ಎನ್ನುತ್ತಿದ್ದಳು. ಹೆಣ್ಣು ನೋಡಲು ಹೋದಲ್ಲಿಯೂ ಇದೇ ಮಾತು ಹೇಳಿ ಎರಡು ಸಂಬಂಧ ಕೆಡಿಸಿದ್ದಳು.

ಅವನು ಒತ್ತಿದ್ದನ್ನು ದಿನಾಲೂ ಕಾಣುತ್ತಿದ್ದವಳು ಒಬ್ಬಳೇ. ಸಾವಕಾರರ ಜಮಖಂಡಿ ಅಂಗಡಿಯಲ್ಲಿ ಮಾಲು ಪರೀಕ್ಷೆ ಮಾಡುವ ಸಂಧ್ಯಾ. ಅಣ್ಣನ ಮನೆಯಲ್ಲಿರುವ ಮೂವತ್ತನಾಲ್ಕರ ಹೆಣ್ಣುಮಗಳು. ಅಂಗಡಿಯ ಒಳಕೋಣೆಯ ಪರದೆ ಎಳೆದು, ಬ್ಯಾಟರಿ ಹಿಡಿದು, ಒಂದೊಂದೇ ಚೀಟಿ ನೋಡಿ ವಹಿಯಲ್ಲಿ ಗೀಟು ಹಾಕುತ್ತಿದ್ದಳು. ಹೋದ ವರ್ಷ ಒಂದು ದಿನ ಅವಳಿಂದ ಅವನಿಗೆ ಫೋನು ಬಂತು.

"ಗಿರಿಮಲ್ಲಪ್ಪಾರ, ಇವತ್ತ ನಿಮ್ಮ ನವಿಲು ಯಾಕೋ ಕುಂಟಾಕತ್ತೈತಿ. ಆರಾಮ ಅದೀರಿಲ್ಲೋ?"

ಅಂದು ಅವನಿಗೆ ಜ್ವರ. ಕೈ ನಡುಗಿ ಶಿಕ್ಕೆ ವಾರೆಯಾಗಿತ್ತು. ಮನೆಯಲ್ಲಿ ಅವ್ವನಿಗೂ ಗೊತ್ತಾಗದ ಜ್ವರ ಜಮಖಂಡಿಯಲ್ಲಿ ಕುಳಿತವಳಿಗೆ ಗೊತ್ತಾಯಿತಲ್ಲ ಎಂದು ಅವನು ಫೋನು ಕಿವಿಗೆ ಹಿಡಿದುಕೊಂಡೇ ನಿಂತ. "ಆರಾಮ ಅದೇನ್ರಿ" ಎಂದದ್ದು ಅವಳು ಫೋನು ಇಟ್ಟ ಮೇಲೆ. ಜ್ವರ ಎರಡು ದಿನಕ್ಕೆ ಬಿಟ್ಟಿತು. ಆ ದನಿ ಬಿಡಲಿಲ್ಲ. ಅಂದಿನಿಂದ ಪ್ರತಿ ನವಿಲನ್ನೂ ಅವನು ಅವಳೊಬ್ಬಳಿಗಾಗಿಯೇ ಒತ್ತತೊಡಗಿದ. ಅವಳ ಎದುರಿಗೆ ಹೋದದ್ದು ಮೂರೇ ಸಲ. ಮೂರು ಸಲವೂ ಚಪ್ಪಲಿ ನೋಡಿಕೊಂಡು ಬಂದಿದ್ದ.

ರಬ್ಬರು ಕಿತ್ತುಬಂದ ಆ ಬೆಳಿಗ್ಗೆ ಶಿದ್ರಾಮಪ್ಪ ಸಾವಕಾರರು ಬಾಗಿಲಲ್ಲೇ ನಿಂತು ಕೂಗಿದರು. "ಗಿರಿಮಲ್ಲ್ಯಾ, ಈ ನಲವತ್ತೊಂದು ಸೀರಿ ಈಗ ಹೋಗಬೇಕ. ಪೆನ್ನಿನಾಗ ಶಾಯಿ ಹಾಕ್ಕೊಂಡು ನವಿಲು ಕೈಲೇ ಬಿಡಸು."

ಗಿರಿಮಲ್ಲಪ್ಪ ಬಿಡಿಸಿದ. ನವಿಲು ಕೋಳಿಯಂತೆ ಬಂತು, ಆದರೂ ಬಿಡಿಸಿದ. ನಲವತ್ತು ಮುಗಿದು ಕೊನೆಯ ಚೀಟಿ ಮುಂದೆ ಬಂದಾಗ ಕೈ ನಿಂತಿತು. ಇದನ್ನೂ ಅವಳೇ ನೋಡುತ್ತಾಳೆ. ಕತ್ತಲು ಕೋಣೆಯಲ್ಲಿ, ಒಬ್ಬಳೇ. ಲೋಕದಲ್ಲಿ ಇನ್ನಾರಿಗೂ ಕಾಣುವುದಿಲ್ಲ. ಬಾಯಿಂದ ಬಾರದ್ದು ಬರೆದರೆ ಬರಬಹುದು. ಅವನು ಉಸಿರು ಬಿಗಿಹಿಡಿದು ಬರೆದೇಬಿಟ್ಟ: 'ಸಂಧ್ಯಾ ಅವರ, ನನ್ನ ಮದುವಿ ಆಗ್ತೀರೇನ್ರಿ?'

ಹೆಸರು ಬರೆಯುವಷ್ಟು ಧೈರ್ಯ ಉಳಿಯಲಿಲ್ಲ. ಬಿಡು, ಅಕ್ಷರ ನನ್ನದೆಂದು ಅವಳಿಗೆ ತಿಳಿಯುತ್ತದೆ ಎಂದುಕೊಂಡು ಸೀರೆ ಮಡಿಚಿ ಗಂಟಿಗೆ ಸೇರಿಸಿದ.

ಹತ್ತು ನಿಮಿಷಕ್ಕೆ ಸಾವಕಾರರು ಮತ್ತೆ ಬಂದರು. "ಒಳ್ಳೆ ಅಂಗಿ ಹಾಕ್ಕೊಂಡು ಬಾ. ಮುಧೋಳ, ಬೀಳಗಿ, ಲೋಕಾಪುರದ ವ್ಯಾಪಾರಸ್ಥರು ಜಮಖಂಡಿ ಅಂಗಡಿ ಮ್ಯಾಲಿನ ಹಾಲಿನಾಗ ಕೂಡಾಕತ್ತಾರ. ಖರೆ ಮಾಲು ಯಾವುದು, ನಕಲಿ ಯಾವುದು ಅಂತ ಕತ್ತಲಿ ಮಾಡಿ ತೋರಸೂದೈತಿ. ದೊಡ್ಡ ದೀಪ ನೀನ ಹಿಡೀಬೇಕ."

"ಯಾವ ಸೀರಿ ತೋರಸೂದ್ರೀ?"

"ಇವ ನಲವತ್ತೊಂದು. ಮತ್ಯಾವು?"

ಗಿರಿಮಲ್ಲಪ್ಪ ಅಂಗಿಯ ಮಾತು ಅಲ್ಲೇ ಬಿಟ್ಟ. ಹೊರಗೆ ಓಡಿದ. ಟಂಟಂ ರಿಕ್ಷಾ ಓಡಿಸುವ ದುರಗೇಶ ಆಗಲೇ ಗಂಟು ಕಟ್ಟಿ ಹಿಂದೆ ಎಸೆದಿದ್ದ. ಕಾರಖಾನೆಯಲ್ಲಿ ಯಾರ ಮನೆಯಲ್ಲಿ ಏನು ಪಲ್ಯ ಎಂಬುದನ್ನೂ ಕೇಳಿ ತಿಳಿದುಕೊಳ್ಳುವ ಮನುಷ್ಯ ಅವನು.

"ದುರಗೇಶಾ, ಗಂಟು ಒಂದೀಟ ಬಿಚ್ಚೋ. ಒಂದು ನವಿಲಿಗೆ ಕಾಲು ಬಿಡಸೂದು ಮರತೇನಿ."

"ಕಾಣದ ನವಿಲಿಗೆ ಕಾಲಿದ್ರೇನು, ಬಿಟ್ರೇನು? ಹತ್ತ ಗಿರಿಯಣ್ಣಾ, ಹೊತ್ತಾತು."

ಅವನು ಗಂಟಿನ ಮೇಲೆಯೇ ಕುಳಿತು ಹೊರಟ. ದಾರಿಯಲ್ಲಿ ದುರಗೇಶ ಚಹಾಕ್ಕೆಂದು ಲಗಮವ್ವನ ಅಂಗಡಿಯ ಮುಂದೆ ನಿಲ್ಲಿಸಿದ್ದೇ ತಡ, ಗಿರಿಮಲ್ಲಪ್ಪ ಗಂಟು ಬಿಚ್ಚಿದ. ಆಗ ತಿಳಿಯಿತು ಕಷ್ಟ. ನಲವತ್ತೊಂದು ಚೀಟಿಯೂ ಖಾಲಿ! ಕಿಸೆಯ ಬ್ಯಾಟರಿ ಹಿಡಿದರೆ ಬಿಸಿಲಿಗೆ ಏನೂ ಕಾಣದು. ಕತ್ತಲಾಗಲೆಂದು ಅವನು ಹತ್ತಾರು ಸೀರೆಗಳನ್ನು ತಲೆಯ ಮೇಲೆ ಹೊದ್ದುಕೊಂಡು ಒಳಗೆ ಬ್ಯಾಟರಿ ಹಚ್ಚಿದ. ಹೊರಗಿನಿಂದ ನೋಡಿದವರಿಗೆ ಬಣ್ಣಬಣ್ಣದ ಹುಲ್ಲಿನ ಬಣಿವೆಯೊಂದು ತನ್ನಷ್ಟಕ್ಕೆ ಗೊಣಗುತ್ತಿದ್ದಂತೆ ಕಂಡಿತು. ಬಸ್ಸಿಗೆ ನಿಂತವರು ಸುತ್ತ ನೆರೆದರು.

"ಯಾಕೋ ತಮ್ಮಾ, ಹಾಡಾಹಗಲ ಸೀರಿ ಹೊತಗೊಂಡು ಕುಂತೀ? ಮೈಯಾಗ ಏನರ ಬಂದೈತೇನು?" ಎಂದಳು ಲಗಮವ್ವ.

"ಕಲಿ ಬಿದ್ದೈತಿ ಯವ್ವಾ, ಹುಡುಕಾಕತ್ತೇನಿ." ಅಷ್ಟರಲ್ಲಿ ಹಸಿರು ಅಕ್ಷರ ಮಿಂಚಿದವು. ಸಿಕ್ಕಿತು!

ಕಲೆ ಎಂದದ್ದನ್ನು ಲಗಮವ್ವ ನಂಬಿದಳು. ಪಾತ್ರೆ ತೊಳೆಯುವ ಬಕೀಟಿಗೆ ಬಟ್ಟೆ ಪುಡಿ ಒಂದು ಮುಷ್ಟಿ ಸುರುವಿ ತಂದಿಟ್ಟಳು. ಗಿರಿಮಲ್ಲಪ್ಪ ಚೀಟಿಯನ್ನು ಅದ್ದಿ ಅದ್ದಿ ತಿಕ್ಕಿದ. ಅಂಗಿಯ ತುಂಬ ನೊರೆ ಸಿಡಿಯಿತು. ಹೋಯಿತೋ ಇಲ್ಲವೋ ನೋಡಲು ಮತ್ತೆ ಸೀರೆ ಹೊದೆಯಬೇಕು. ಅಷ್ಟರಲ್ಲಿ ದುರಗೇಶ ಚಹಾದ ಕಪ್ಪು ಬಿಸುಟು ಓಡಿಬಂದ.

"ಏ ಗಿರಿಯಣ್ಣಾ, ಗುರುತು ತೊಳಿಯಾಕತ್ತಿ! ನಕಲಿ ಮಂದಿ ಕೂಡ ನೀನೂ ಕೂಡಿಯೇನು? ಸಾವ್ಕಾರ್ರಿಗೆ ಹೇಳ್ತೇನಿ ನೋಡು."

ಸೀರೆ ಕಿತ್ತುಕೊಂಡು, ಹಸಿಯಾದುದರಿಂದ ಎಲ್ಲಕ್ಕಿಂತ ಮೇಲಿಟ್ಟು, ಗಂಟನ್ನು ತನ್ನ ಪಕ್ಕದಲ್ಲೇ ಇಟ್ಟುಕೊಂಡು ಗಾಡಿ ಬಿಟ್ಟ.

ಜಮಖಂಡಿಯ ಹಾಲಿನಲ್ಲಿ ಅರವತ್ತು ಮಂದಿ ಕೂಡಿದ್ದರು. ಬಾಗಿಲ ಬಳಿ ವಹಿ ಹಿಡಿದು ಸಂಧ್ಯಾ ನಿಂತಿದ್ದಳು. "ಬಂದ್ರ್ಯಾ? ಅಂಗಿ ಯಾಕ ತೊಯ್ದೈತಿ?" ಎಂದಳು. ಅವನು ಚಪ್ಪಲಿ ನೋಡಿದ. ಈ ಸಲ ಚಪ್ಪಲಿಯ ಮೇಲೂ ನೊರೆ ಇತ್ತು.

ಕಿಟಕಿಗೆ ಪರದೆ ಎಳೆದರು. ದೀಪ ಆರಿಸಿ ನೇರಳೆ ದೀಪ ಹಚ್ಚಿದರು. ಹಚ್ಚಿದ ಕೂಡಲೇ ಹಾಲೆಲ್ಲ ಹೋ ಎಂದು ನಕ್ಕಿತು. ಬಟ್ಟೆ ಪುಡಿಗೂ ಆ ಬೆಳಕಿನಲ್ಲಿ ಹೊಳೆಯುವ ಗುಣವಿದೆ ಎಂದು ಗಿರಿಮಲ್ಲಪ್ಪನಿಗೆ ಯಾರೂ ಹೇಳಿರಲಿಲ್ಲ. ಅಂಗಿ, ಬೆರಳು, ಗದ್ದ ಎಲ್ಲ ಬೆಳ್ಳಗೆ ಹೊತ್ತಿಕೊಂಡು ಅವನು ನಿಂತಲ್ಲೇ ಹುಣ್ಣಿಮೆಯಾಗಿದ್ದ.

"ಇಂವಾ ಖರೆ ಮನಶ್ಯಾ ರೀ, ಎಷ್ಟ ಹೊಳಿಯಾಕತ್ತಾನ ನೋಡ್ರಿ!" ಎಂದು ಮುಧೋಳದ ಹಿರಿಯ ವ್ಯಾಪಾರಿ ಹೊಳಬಸಪ್ಪ ಕೂಗಿದ.

ಸಾವಕಾರರು ಸಿಟ್ಟು ನುಂಗಿಕೊಂಡು ಗಂಟಿಗೆ ಕೈ ಹಾಕಿದರು. ಕೈಗೆ ಬಂದದ್ದು ಎಲ್ಲಕ್ಕಿಂತ ಮೇಲಿದ್ದ ಸೀರೆ. ಚೀಟಿ ಬಿಡಿಸಿ ದೀಪದ ಮುಂದೆ ಹಿಡಿದರು. ಪುಡಿಯ ಬೆಳ್ಳನೆ ಕಾಂತಿಯ ನಡುವೆ ಆ ಸಾಲು, ಚೂರೂ ಅಳಿಯದೆ, ದೇವರ ಮುಂದಿನ ದೀಪದಂತೆ ಉರಿಯುತ್ತಿತ್ತು. ಹೊಳಬಸಪ್ಪ ಕನ್ನಡಕ ಏರಿಸಿ ಎಲ್ಲರಿಗೂ ಕೇಳುವಂತೆ ಓದಿದ.

"ಸಂಧ್ಯಾ ಅವರ... ನನ್ನ ಮದುವಿ... ಆಗ್ತೀರೇನ್ರಿ?"

ಬಾಗಿಲ ಬಳಿ ವಹಿ ಕೆಳಗೆ ಬಿದ್ದ ಸದ್ದು ಕೇಳಿತು. ಸಾವಕಾರರು ಒಮ್ಮೆ ಚೀಟಿ ನೋಡಿದರು, ಒಮ್ಮೆ ಬೆಳಗುತ್ತಿದ್ದ ಗಿರಿಮಲ್ಲಪ್ಪನನ್ನು ನೋಡಿದರು. ಮೂವತ್ತು ವರ್ಷ ವ್ಯಾಪಾರ ಮಾಡಿದ ಜೀವ ಅದು. ಗಂಟಲು ಸರಿಮಾಡಿಕೊಂಡು ನಕ್ಕುಬಿಟ್ಟರು.

"ಇದ ನೋಡ್ರಿ ನಮ್ಮ ಹೊಸಾ ಗುರುತು! ನವಿಲಿನ ಶಿಕ್ಕಾ ನಾಳೆ ಯಾರರ ನಕಲು ಮಾಡ್ಯಾರು. ಹಿಂಗೊಂದು ಮಾತು ಬರದಿರ್ತೈತಿ ಅಂತ ಯಾವ ನಕಲಿಯವನ ತಲಿಗಿ ಹೊಳೀತದ? ಅದೂ ಕೈಬರಹ! ಮದುವಿ ಸೀರಿ ಇದು. ಹೆಸರು 'ಸಂಧ್ಯಾ'. ಸೀರಿನೇ ಹೆಣ್ಣನ್ನ ಕೇಳ್ತೈತಿ, ಹೆಂಗೈತಿ?"

ಚಪ್ಪಾಳೆ ಸಿಡಿಯಿತು. ಬೀಳಗಿಯವರು ಎದ್ದು ನಿಂತರು. "ಇವನ್ನ ಈಗ ಒಯ್ತೇವ್ರಿ, ಎಲ್ಲಾದಕ್ಕೂ ಹಿಂಗ ಬರದು ಕೊಡ್ರಿ" ಎಂದರು. ಗುರುತು ತೊಳೆದ ಕಳ್ಳನೆಂದು ಹೇಳಲು ಬಂದಿದ್ದ ದುರಗೇಶ ಕೂಡ ಚಪ್ಪಾಳೆ ಹೊಡೆದ.

ಮೆಟ್ಟಿಲ ಮೂಲೆಯಲ್ಲಿ ಸಾವಕಾರರು ಅವನ ರಟ್ಟೆ ಹಿಡಿದರು. "ನಿನ್ನ ಮನಸಿನ್ಯಾಗಿಂದು ನನಗ ತಿಳಿದೈತಿ. ತಪ್ಪಂತ ಅನ್ನಾಂಗಿಲ್ಲ. ಆದ್ರ ಇವತ್ತ ನೀ ಬಾಯಿ ಬಿಟ್ಟಿ ಅಂದ್ರ, ಅರವತ್ತು ಮಂದಿ ಮುಂದ ನಾ ಖೊಟ್ಟಿ, ಸುಳ್ಳಗಾರ ಆಗ್ತೇನಿ. ನಿಂತ ಐದು ಮಗ್ಗ ತಿರುಗೂದು ನೋಡಬೇಕೋ ಬ್ಯಾಡೋ?"

ಗಿರಿಮಲ್ಲಪ್ಪ ತಲೆಯಾಡಿಸಿದ. ಹೂಂ ಎಂದೋ ಊಹೂಂ ಎಂದೋ ಅವನಿಗೇ ತಿಳಿಯಲಿಲ್ಲ.

ಕೆಳಗಿನ ಒಳಕೋಣೆಯಲ್ಲಿ ಅವನಿಗೆ ಶಾಯಿ, ಪೆನ್ನು, ಹೊಸ ಚೀಟಿಗಳ ಕಟ್ಟು ಕೊಟ್ಟು ಕೂರಿಸಿದರು. ಪರದೆಯ ಆಚೆ, ಕತ್ತಲ ಭಾಗದಲ್ಲಿ, ಸಂಧ್ಯಾ. ಅವಳು ಪರದೆ ಸರಿಸಿ ನಿಂತಳು. ಕಣ್ಣಂಚು ಕೆಂಪಾಗಿತ್ತು, ಆದರೆ ನಗುತ್ತಿದ್ದಳು.

"ಒಳ್ಳೆ ಹೆದರಿಸಿದ್ರಿ ಗಿರಿಮಲ್ಲಪ್ಪಾರ. ಒಂದ ಗಳಿಗಿ ನಾನೂ ಖರೇನ ಅನಕೊಂಡೆ. ನನ್ನ ಯಾರೋ ಕೇಳ್ಯಾರ ಅಂತ. ಎಷ್ಟೋ ವರ್ಷ ಆಗಿತ್ರಿ, ಹಂಗ ಎದಿ ಬಡಕೊಂಡು." ಬಿದ್ದ ವಹಿಯ ಧೂಳು ಕೊಡವಿದಳು. "ಬಾಯಿಗಿ ಉತ್ತರಾನೂ ಬಂದಿತ್ತು. ಪುಣ್ಯಾ, ಸಾವ್ಕಾರ್ರು ಮೊದಲ ಮಾತಾಡಿದ್ರು."

ಗಿರಿಮಲ್ಲಪ್ಪ ಎದ್ದು ನಿಂತ. ಏನು ಉತ್ತರ ಎಂದು ಕೇಳಲು ಪ್ರಾಣ ಹಾತೊರೆಯಿತು. ಮೇಲೆ ಸಾವಕಾರರ ನಗು ಕೇಳುತ್ತಿತ್ತು. ಆದರೂ ಅವನು ಜೀವಮಾನದ ಧೈರ್ಯವನ್ನೆಲ್ಲ ಕೂಡಿಸಿ, ಚಪ್ಪಲಿ ಬಿಟ್ಟು ಅವಳ ಮುಖ ನೋಡಿ, ಮೆಲ್ಲಗೆ ಹೇಳಿದ.

"ಅದು... ಖರೇನ ಐತ್ರಿ."

"ಹೌದ್ರಿ ಮತ್ತ, ಖರೆ ಮಾಲಿಗೇ ಇದು" ಎಂದಳು ಅವಳು. ಕಣ್ಣೊರೆಸಿಕೊಂಡು ಪರದೆ ಎಳೆದು ಆಚೆ ಹೋದಳು.

ಅವನು ಬರೆಯತೊಡಗಿದ. ಸಂಧ್ಯಾ ಅವರ, ನನ್ನ ಮದುವಿ ಆಗ್ತೀರೇನ್ರಿ. ಮೂರು, ನಾಲ್ಕು, ಹತ್ತು, ಇಪ್ಪತ್ತು. ಬರೆದ ಪ್ರತಿ ಚೀಟಿಯೂ ಪರದೆಯ ಕೆಳಗಿನಿಂದ ಆಚೆ ಹೋಗುತ್ತಿತ್ತು. ಆಚೆ ಬ್ಯಾಟರಿ ಚಟ್ ಎನ್ನುತ್ತಿತ್ತು. ಮತ್ತೆ ಅವಳ ದನಿ, ದಣಿದ ಮೆತ್ತನೆಯ ದನಿ: "ಆತ್ರಿ." ಮತ್ತೊಂದು. "ಆತ್ರಿ." ಇಷ್ಟು ಸಲ ಇಷ್ಟು ಹತ್ತಿರದಿಂದ ಆ ಉತ್ತರವನ್ನು ಕೇಳುತ್ತ, ಅದು ತನಗಲ್ಲವೆಂದು ತಿಳಿಯುತ್ತ, ಅವನ ಕೈ ಹಗುರವಾಯಿತು, ಎದೆ ಭಾರವಾಯಿತು.

ಮೂವತ್ತೆಂಟನೆಯದಕ್ಕೆ ಅವನಿಂದ ತಡೆಯಲಾಗಲಿಲ್ಲ. ಅದೇ ಸಾಲು ಬರೆದು, ಕೆಳಗೆ ಬೆಳಿಗ್ಗೆ ಬರೆಯಲಾಗದೆ ಹೋದದ್ದನ್ನೂ ಬರೆದ: 'ನಿಮ್ಮ ಗಿರಿಮಲ್ಲಪ್ಪ.' ಪರದೆಯ ಕೆಳಗೆ ಸರಿಸಿದ.

ಬ್ಯಾಟರಿ ಚಟ್ ಎಂದಿತು. "ಆತ್ರಿ" ಬರಲಿಲ್ಲ. ಅವನು ಪೆನ್ನು ಕೆಳಗಿಟ್ಟು ಕೈ ಮುಗಿದಂತೆ ಕುಳಿತ. ಪರದೆ ಸರಿಯಿತು. ಸಂಧ್ಯಾ ಚೀಟಿ ಹಿಡಿದು ನಿಂತಿದ್ದಳು. ಅವಳ ಹಿಂದೆ, ಪರೀಕ್ಷೆ ಹೇಗೆ ನಡೆಯುತ್ತದೆಂದು ನೋಡಲು ಇಳಿದುಬಂದಿದ್ದ ಸಾವಕಾರರು ಮತ್ತು ಹೊಳಬಸಪ್ಪ.

"ಇದೊಂದು ವಾಪಸ್ ರಿ, ಗಿರಿಮಲ್ಲಪ್ಪಾರ" ಎಂದಳು. "ಮಾತಿನ ಮ್ಯಾಲ ಒಂದ ಅಕ್ಷರ ಹೆಚ್ಚಾದ್ರೂ ನಕಲಿ ಅಂತ ಬರೀಬೇಕಂತ ಸಾವ್ಕಾರ್ರು ಈಗ ಹೇಳ್ಯಾರ. ಬರದವರ ಹೆಸರು ಹಾಕಾಂಗಿಲ್ಲಂತ."

"ನೋಡ್ರಿ ಹೊಳಬಸಪ್ಪಾರ, ನಮ್ಮ ಹುಡಿಗಿ ಎಷ್ಟ ಚುರುಕು!" ಎಂದು ಸಾವಕಾರರು ಹಿಗ್ಗಿದರು.

ಸಂಧ್ಯಾ ವಹಿಯಲ್ಲಿ ಮೂವತ್ತೆಂಟರ ಮುಂದೆ 'ನಕಲಿ' ಎಂದು ಬರೆದು ಪರದೆಯಾಚೆ ಹೋದಳು. ಗಿರಿಮಲ್ಲಪ್ಪ ಹೊಸ ಚೀಟಿ ತೆಗೆದುಕೊಂಡು ಅದೇ ಪ್ರಶ್ನೆಯನ್ನು, ಹೆಸರಿಲ್ಲದೆ, ಮತ್ತೊಮ್ಮೆ ಬರೆದು ಸರಿಸಿದ.

ಅದು ಪಾಸಾಯಿತು.