ನಾಗಭೂಷಣ ಮಾಸ್ತರ ಎದೆಬಡಿತ

ಮಂಗಳೂರಿನಲ್ಲಿ ಕೂತು ಫೋನಿನಲ್ಲೇ ಓಟ ಕಲಿಸುವ ಮಾಲಿನಿ ಮೇಡಂ ಆ ಭಾನುವಾರ ಬೆಳಿಗ್ಗೆ ಐದೂವರೆಗೆ ಕಳಿಸಿದ ಸಂದೇಶವೇ ಅಂದಿನ ಇಡೀ ರಾಮಾಯಣಕ್ಕೆ ಕಾರಣ.

"ಸರ್, ಇವತ್ತು ಹದಿನಾಲ್ಕು ಕಿಲೋಮೀಟರ್. ಓಡ್ತಾ ಓಡ್ತಾ ಹಾಡು ಹೇಳೋಕಾಗ್ಬೇಕು, ಅಷ್ಟು ನಿಧಾನ. ಎದೆಬಡಿತ ನೂರಾ ಮೂವತ್ತೈದು ದಾಟಿದ್ರೆ ಮುಂದಿನ ಭಾನುವಾರ ನಿಮ್ಮನ್ನು ಮಕ್ಕಳ ಜೊತೆ ಮೂರು ಕಿಲೋಮೀಟರಿಗೆ ಹಾಕ್ತೇನೆ."

ಹಿರೇಗುತ್ತಿಯ ನಾಗಭೂಷಣ ಮಾಸ್ತರ ಎದೆ ಹಾಸಿಗೆಯಲ್ಲೇ ಧಸಕ್ಕೆಂದಿತು. ಮುಂದಿನ ಭಾನುವಾರದ ಕುಮಟಾ ಓಟದಲ್ಲಿ ತಾವು ಇಪ್ಪತ್ತೊಂದು ಕಿಲೋಮೀಟರ್ ಓಡುವವರೆಂದು ಅವರು ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲೇ ಸಾರಿಬಿಟ್ಟಿದ್ದರು. ತಮ್ಮದೇ ಏಳನೇ ಕ್ಲಾಸಿನ ಮಕ್ಕಳ ಹಿಂದೆ ಏದುಸಿರು ಬಿಡುತ್ತ ಓಡಿದರೆ, ಮರುದಿನ ಲೆಕ್ಕ ತಪ್ಪಿದವನನ್ನು ಬೈಯುವುದು ಯಾವ ಮುಖದಿಂದ?

ಮಾತೂ ಆಡಬಹುದಾದ, ಓಟದ ಎದೆಬಡಿತದ ಲೆಕ್ಕ ಮೇಡಂಗೆ ಕಳಿಸುವ ಸಿಮ್ ವಾಚು ಕೈಗೆ ಕಟ್ಟಿ, ಫೋನು ಮನೆಯಲ್ಲೇ ಬಿಟ್ಟು, ಹೆದ್ದಾರಿಯ ಅಂಚಿನಲ್ಲಿ ಮಿರ್ಜಾನಿನ ಕಡೆ ಹೊರಟರು. ತುಂಬಿದ ಎಣ್ಣೆ ಬಟ್ಟಲು ಹಿಡಿದು ಒದ್ದೆ ನೆಲದ ಮೇಲೆ ಹೆಜ್ಜೆಯಿಡುವವರ ಹಾಗಿತ್ತು ಅವರ ಓಟ.

ಅರ್ಧ ಕಿಲೋಮೀಟರಿಗೇ ಡ್ರಿಲ್ ಮಾಸ್ತರ ರವೀಂದ್ರ ಬೈಕು ನಿಲ್ಲಿಸಿದ.

"ಎಂತ ಮಾರಾಯ್ರೆ, ಬಸ್ ತಪ್ಪೋಯ್ತಾ? ಹತ್ತಿ."

"ಇಲ್ಲ, ಓಡ್ತಾ ಇದ್ದೆ."

"ಇದು ಓಡೂದಾ? ಕಾಲು ಉಳುಕಿದೆ ಅಂದ್ಕಂಡೆ!"

ಮಾಸ್ತರಿಗೆ ಸಿಟ್ಟು ಬಂತು. ವಾಚು ಕೀಂ ಎಂದಿತು: ನೂರಾ ನಲವತ್ತೆಂಟು.

ನಿಂತು ಸುಧಾರಿಸಿಕೊಂಡು ಮತ್ತೆ ಹೊರಟರೆ ಕಿರಾಣಿ ಅಂಗಡಿಯ ಜಯಶ್ರೀ ಲಿಂಬು ಪಾನಕದ ಲೋಟ ಹಿಡಿದು ಅಡ್ಡ ಬಂದಳು. "ಮಾಸ್ತರೆ, ಮುಖ ಕೆಂಪಗಾಗಿದೆ. ಕೂತ್ಕಣಿ. ಕಲ್ಪನಕ್ಕಂಗೆ ಫೋನ್ ಮಾಡಾಯ್ತು."

ಅಷ್ಟರಲ್ಲಿ ಮಣಿಕಟ್ಟಿನಿಂದಲೇ ಹೆಂಡತಿ ಕಲ್ಪನಾಳ ಧ್ವನಿ ಕೇಳಿತು. "ಎಲ್ಲಿ ಬಿದ್ಕಂಡ್ರಿ? ರಿಕ್ಷಾ ಕಳಸ್ತೆ, ಅಲ್ಲೇ ಇರಿ."

"ನಾ ಬೀಳಲೇ ಇಲ್ಲ ಮಾರಾಯ್ತಿ!" ಮಾಸ್ತರು ಕಿರುಚಿದರು. ನೂರಾ ಐವತ್ತಾರು. ಆ ಕಿರುಚಾಟಕ್ಕೆ ಎಚ್ಚೆತ್ತ ಅಂಗಡಿಯ ನಾಯಿ ಬೆನ್ನು ಹತ್ತಿತು. ನೂರಾ ಎಪ್ಪತ್ತು.

ನಾಯಿ ಬೆನ್ನು ಬಿಟ್ಟ ಜಾಗದಲ್ಲಿ, ಹೋಟೆಲಿನ ಎದುರು, ಮೊಣಕಾಲು ಹಿಡಿದು ನಿಂತವರನ್ನು ತರಕಾರಿ ಮಾರುವ ಬಂಗಾರಿ ದಾಟಿ ಹೋದಳು. ಅರುವತ್ತರ ಹತ್ತಿರದ ಹೆಂಗಸು. ತಲೆಯ ಮೇಲೆ ದೊಡ್ಡ ಬುಟ್ಟಿ, ಬಾಯಲ್ಲಿ ಹಾಡು.

ಮಾಸ್ತರ ತಲೆಯಲ್ಲಿ ದೀಪ ಹತ್ತಿತು.

"ಬಂಗಾರಮ್ಮ, ಎಲ್ಲಿವರೆಗೆ?"

"ಮಿರ್ಜಾನ ಪ್ಯಾಟಿಗೆ. ಮಾರಿ ವಾಪಸ್ ಬತ್ತೆ."

ಹೋಗಿ ಬಂದರೆ ಮೇಡಂ ಹೇಳಿದ ಹದಿನಾಲ್ಕಕ್ಕೆ ಸರಿಯಾಗುತ್ತದೆ. ಮಾಸ್ತರು ವಾಚಿನ ಹಳೆಯ ಓಟ ಅಳಿಸಿ ಹೊಸದನ್ನು ಶುರು ಮಾಡಿದರು. "ಇದೊಂದು ಕಟ್ಕಂಡು ಹೋಗಿ ಬಾ. ಯಾರಿಗೂ ಹೇಳಬೇಡ."

"ಕೆಟ್ರೆ ನಂಗೊತ್ತಿಲ್ಲ, ಮತ್ತೆ!" ಎಂದು ಬಂಗಾರಿ ಕೈ ಚಾಚಿದಳು.

ಮಾಸ್ತರು ಹೋಟೆಲಿನ ಒಳಮೂಲೆಯಲ್ಲಿ ಕೂತು ನಾಲ್ಕು ಬನ್ಸ್, ಮೂರು ಚಾ ಮುಗಿಸಿದರು. ತಿಂಗಳಲ್ಲೇ ಮೊದಲ ಬಾರಿಗೆ ಅವರ ಎದೆ ಸಮಾಧಾನದಿಂದ ಬಡಿಯುತ್ತಿತ್ತು.

ಹನ್ನೊಂದಕ್ಕೆ ಬಂಗಾರಿ ಖಾಲಿ ಬುಟ್ಟಿಯೊಡನೆ ಬಂದಳು. ಮುಖದಲ್ಲಿ ಬೆವರ ಹನಿಯೂ ಇಲ್ಲ.

"ಮಾಸ್ತರೆ, ನಿಮ್ಮ ವಾಚು ಮಾತಾಡ್ತು! ಮಂಗ್ಳೂರ ಅಕ್ಕೋರಂತೆ. ಒಳ್ಳೆ ಜನ. ಹಾಡು ನಿಲ್ಲಸ್ಬೇಡಿ ಅಂದ್ರು."

ಮಾಸ್ತರು ಅವಸರದಿಂದ ವಾಚು ಬಿಚ್ಚಿಸಿಕೊಂಡರು. ವಾಚು ಮತ್ತೆ ರಿಂಗಾಯಿತು.

"ಸರ್," ಮಾಲಿನಿ ಮೇಡಂ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಸಂಭ್ರಮವಿತ್ತು. "ಹೋಗುವಾಗ ತಲೆ ಮೇಲೆ ಅಷ್ಟು ಭಾರ ಇಟ್ಕೊಂಡು ಬಂಗಾರಮ್ಮ ಮುಕ್ಕಾಲು ಗಂಟೆ ನನ್ನ ಜೊತೆ ಮಾತಾಡಿದ್ರು. ಬರುವಾಗ ಓಡ್ಸಿ ನೋಡ್ದೆ. ನೂರಾ ಹದಿನೆಂಟು ದಾಟ್ಲಿಲ್ಲ! ನಿಮ್ಮ ಇಪ್ಪತ್ತೊಂದರ ಜಾಗ ಅವರಿಗೆ ಕೊಟ್ಟೆ."

"ಹಾಗಾದ್ರೆ ನಾನು... ಮಕ್ಕಳ ಜೊತೆ?" ಮಾಸ್ತರು ಕ್ಷೀಣವಾಗಿ ಕೇಳಿದರು. ಈಗ ಅದಕ್ಕೂ ಅವರು ತಯಾರಿದ್ದರು.

"ಇಲ್ಲ ಸರ್. ಓಟದ ದಿನ ವ್ಯಾಪಾರ ಬಿಟ್ಟು ಬರೋಕಾಗಲ್ಲ ಅಂದ್ರು ಬಂಗಾರಮ್ಮ. ಅದಕ್ಕೇ ಹೊಸ ಪ್ಲಾನ್ ಬರ್ದಿದ್ದೇನೆ. ನಿಮಗೋಸ್ಕರವೇ."

ಮಾಸ್ತರಿಗೆ ಅರ್ಥವಾಗುವ ಮೊದಲೇ ಬಂಗಾರಿ ಬುಟ್ಟಿ ಕೂರಿಸಲು ತಲೆಗಿಟ್ಟ ಬಟ್ಟೆಯ ಸಿಂಬೆ ತೆಗೆದು ಅವರ ತಲೆಯ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಸರಿಯಾಗಿ ಕೂತಿದೆಯೇ ಎಂದು ನೋಡಿದಳು.

"ಆ ಭಾನುವಾರ ನನ್ನ ಬುಟ್ಟಿ ನಿಮ್ಮ ತಲೆಗೆ; ಹರಿವೆ ಸೊಪ್ಪು ಬಾಡೂದ್ರೊಳಗೆ ಪ್ಯಾಟೆ ಮುಟ್ಟಬೇಕು, ಮಾಸ್ತರೆ. ಓಡೂಕೆ ಬತ್ತದಲ್ಲ ನಿಮ್ಗೆ?"