ಅಬ್ಬಲಿಗೆಯ ಪಂಚನಾಮೆ

ನನ್ನ ಮೂಗಿನ ಮೇಲೆ ಯಾರೋ ದಿನಾ ಮುಂಜಾನೆ ಹರಳು ಒಗೆಯುತ್ತಾರೆ ಎಂದರೆ ನೀವು ನಗುತ್ತೀರಿ. ನನ್ನ ಹೆಂಡತಿ ಬಸವೇಶ್ವರಿಯೂ ಪೂರ್ತಿ ಕೇಳುವ ಮೊದಲೇ ನಕ್ಕಳು. ಆದರೆ ಹುನಗುಂದ ತಾಲೂಕಿನಲ್ಲಿ ಮೂವತ್ತೊಂದು ವರ್ಷ ತಲಾಟಿಯಾಗಿ, ಅಂದರೆ ಗ್ರಾಮಲೆಕ್ಕಿಗನಾಗಿ, ದುಡಿದ ನನಗೆ ಪುರಾವೆ ಇಲ್ಲದೆ ನಗುವ ಅಭ್ಯಾಸವಿಲ್ಲ.

ಘಟನಾ ಸ್ಥಳ, ಇಳಕಲ್ಲಿನ ನಮ್ಮ ಹಿತ್ತಲು. ಪಕ್ಕದ ಮನೆಯ ನಡುವಿನ ಗಿಡ್ಡ ಗೋಡೆಗೆ ತಾಗಿ ನನ್ನ ಅಬ್ಬಲಿಗೆ ಗಿಡವಿದೆ (ಬೆಂಗಳೂರು ಕಡೆಯವರು ಕನಕಾಂಬರ ಎನ್ನುತ್ತಾರಲ್ಲ, ಅದೇ). ಚೊಳಚಗುಡ್ಡದ ಅತ್ತೆಮನೆಯಿಂದ ತಂದು ನೆಟ್ಟದ್ದು. ಮುಂಜಾನೆ ಎಳೆಬಿಸಿಲು, ಮಧ್ಯಾಹ್ನ ನೆರಳು, ನೀರು ನಿಲ್ಲದ ಮಣ್ಣು, ತಿಂಗಳಿಗೊಂದು ಬುಟ್ಟಿ ಸಗಣಿ ಗೊಬ್ಬರ. ನನಗೇ ಇಷ್ಟು ಆರೈಕೆ ಸಿಕ್ಕಿದ್ದರೆ ನಾನೂ ಹೂ ಬಿಡುತ್ತಿದ್ದೆ. ಬಸವೇಶ್ವರಿಯ ಒಂದು ಮಾತನ್ನು ಮಾತ್ರ ನಾನು ಕೇಳಲಿಲ್ಲ.

"ಹೂ ಮುಗದ ತೆನಿ ಚಿವುಟಿ ಒಗೀರಿ. ಅಂದ್ರ ಹೊಸಾ ಹೂ ಬರ್ತಾವ."

"ನನ್ನ ಗಿಡಕ್ಕ ಯಾರೂ ಉಗುರು ಹಚ್ಚಂಗಿಲ್ಲ!"

ಪಕ್ಕದ ಮನೆಯ ಗುರಪ್ಪ ಇಪ್ಪತ್ತು ವರ್ಷದ ಗೆಳೆಯ. ದಿನಾ ಮುಂಜಾನೆ ಗೋಡೆಯ ಮೇಲೆ ಕಪ್ಪಿಟ್ಟು ಇಬ್ಬರೂ ಚಹಾ ಕುಡಿಯುತ್ತಿದ್ದೆವು. ಒಂದು ದಿನ ಅವನು, "ಲೇ ತಲಾಟಿ, ಒಂದು ಟೊಂಗಿ ಕೊಡಲಾ, ನಾನೂ ಹಚ್ಚತೇನಿ," ಎಂದ.

"ಕೊಡಂಗಿಲ್ಲ. ಓಣಿಯಾಗ ಅಬ್ಬಲಿಗಿ ಅಂದ್ರ ನಮ್ಮನಿದಷ್ಟ ಇರಬೇಕು."

ಅವನು ಚಹಾ ಮುಗಿಸಿ ಹೋದ. ಅದೇ ವಾರ ಗಿಡಕ್ಕೆ ನೀರು ಚಿಮುಕಿಸಿ ಬಗ್ಗಿ ನೋಡುತ್ತಿದ್ದೆ. ಚಟ್! ಕನ್ನಡಕಕ್ಕೆ ಏನೋ ಬಡಿಯಿತು. ಗೋಡೆಯಾಚೆ ಗುರಪ್ಪ ಹಲ್ಲುಜ್ಜುತ್ತಿದ್ದ. ಮುಖದಲ್ಲಿ ಏನೂ ಅರಿಯದ ಭಾವ. ಅಪರಾಧಿಗಳ ಮುಖ ಹಾಗೆಯೇ ಇರುತ್ತದೆ.

ಮರುದಿನವೂ ಚಟ್. ಅದರ ಮರುದಿನ ಎರಡು ಚಟ್. ಚಹಾ ಬಂದ್ ಮಾಡಿದೆ. ಅವನತ್ತ, ಅವನ ಹಿತ್ತಲಿನತ್ತ ತಿರುಗಿಯೂ ನೋಡಲಿಲ್ಲ. ಹೆಲ್ಮೆಟ್ ಹಾಕಿಕೊಂಡೇ ನೀರು ಹಾಕತೊಡಗಿದೆ. ಬಿದ್ದ ಕಂದು ಹರಳುಗಳನ್ನು ಆರಿಸಿ ಲಕೋಟೆಯಲ್ಲಿ ತುಂಬಿ, ತಾರೀಖು ಬರೆದಿಟ್ಟೆ. ಹೀಗೆ ಎಂಟು ತಿಂಗಳು. ನಿಜ ಹೇಳಬೇಕೆಂದರೆ ಒಬ್ಬನೇ ಕುಡಿಯುವ ಚಹಾ ನನಗೆ ಸೇರುತ್ತಿರಲಿಲ್ಲ. ಆದರೆ ಅವನು ತಪ್ಪೊಪ್ಪಿಕೊಳ್ಳದೆ ನಾನು ಮಾತಾಡುವುದು ಹೇಗೆ?

ಕೊನೆಗೆ ಪುರಾವೆಯ ಲಕೋಟೆ ಹಿಡಿದು ಪಂಚನಾಮೆಗೆ ಇಳಿದೆ. ಎದುರುಮನೆಯ ಟೇಲರ್ ರಾಜಮಹ್ಮದನನ್ನು ಪಂಚನೆಂದು, ಅಂದರೆ ಸಾಕ್ಷಿಯೆಂದು, ಕರೆಸಿದೆ. ಗುರಪ್ಪನನ್ನು ನಮ್ಮ ಹಿತ್ತಲಿಗೇ ಕರೆಸಿ, ಎರಡೂ ಕೈ ಮೊಳಕಾಲ ಮೇಲೆ ಕಾಣುವಂತೆ ಸ್ಟೂಲಿನ ಮೇಲೆ ಕೂರಿಸಿದೆ.

"ರಾಜಮಹ್ಮದ, ಅವನ ಕೈ ಮ್ಯಾಲ ಕಣ್ಣಿಡು!" ಎಂದು ಹೇಳಿ ನೀರು ಚಿಮುಕಿಸಿದೆ.

ಚಟ್! ಚಟ್! ಚಟ್!

ಒಂದು ಹೆಲ್ಮೆಟ್ಟಿಗೆ, ಎರಡು ಮೂಗಿಗೆ.

"ಕೈ ಅಳ್ಳಾಡಿಲ್ರಿ ಸಾಹೇಬ್ರ," ಎಂದ ರಾಜಮಹ್ಮದ.

ಸದ್ದು ಕೇಳಿ ಬಸವೇಶ್ವರಿ ಹೊರಬಂದಳು. ಗಿಡದಿಂದ ಒಂದು ಒಣಗಿದ ತೆನೆ ಮುರಿದು ಅಂಗೈ ಮೇಲಿಟ್ಟು ನಾಲ್ಕು ಹನಿ ನೀರು ಬಿಟ್ಟಳು. ತೆನೆ ಪಟಾಕಿಯ ಹಾಗೆ ಸಿಡಿದು ಕಂದು ಹರಳು ಹಾರಿಸಿತು.

"ಬೀಜರೀ ಅವು! ಒಣಗಿದ ಕಾಯಿಗೆ ನೀರು ಬಿದ್ರ ಸಿಡೀತಾವ. ಸಣ್ಣಾಕಿ ಇದ್ದಾಗ ನಾವು ಇದ ಆಟ ಆಡ್ತಿದ್ವಿ. ಚಿವುಟ್ರಿ ಅಂತ ಬಡ್ಕೊಂಡ್ನಿಲ್ಲ? ಏನ್ ತುಂಬಿಟ್ಟೀರಿ ಆ ಲಕೋಟಿಯಾಗ?"

ನಾನು ಲಕೋಟೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡೆ.

ಗುರಪ್ಪ ಸ್ಟೂಲಿನಿಂದ ಎದ್ದು ನಿಂತ. "ಹಂಗಾರ ಅವು ಇಲ್ಲಿಂದ ಬಂದಾವೇನು! ಲೇ ತಲಾಟಿ, ಒಂದೀಟ ಬಗ್ಗಿ ನೋಡು."

ಎಂಟು ತಿಂಗಳ ಮೇಲೆ ಗೋಡೆಯಾಚೆ ಬಗ್ಗಿ ನೋಡಿದೆ. ಗೋಡೆಯ ಬುಡದುದ್ದಕ್ಕೂ ಮೂವತ್ತು ಅಬ್ಬಲಿಗೆ ಗಿಡಗಳು! ಗುರಪ್ಪ ತೆನೆ ಚಿವುಟಿದ್ದಕ್ಕೋ ಏನೋ, ಮೈತುಂಬ ಕೇಸರಿ ಹೂ. ತೆನೆ ಹೊತ್ತು ಸೊರಗಿದ್ದ ನನ್ನ ಗಿಡದಲ್ಲಿ ಎಣಿಸಿದರೆ ಐದು.

"ಅಣ್ಣಾರ, ನನಗೊಂದು ಮೊಳ ಮಾಲಿಗೆ ಹೂ ಕೊಡ್ರಿ," ಎಂದು ಬಸವೇಶ್ವರಿ ಆಗಲೇ ಸೆರಗೊಡ್ಡಿದಳು.

ರಾಜಮಹ್ಮದ ಶಿಸ್ತಿನ ಮನುಷ್ಯ. ಕುಳಿತು ಪಂಚನಾಮೆ ಬರೆದೇ ಬಿಟ್ಟ: "ಆರೋಪಿ: ಅಬ್ಬಲಿಗೆ ಗಿಡ. ಆರೋಪಿಗೆ ದಿನಾ ನೀರು ಕೊಟ್ಟು ಕುಮ್ಮಕ್ಕು ನೀಡಿದವರು: ಅರ್ಜಿದಾರರು."

"ಸಹಿ ಮಾಡು," ಎಂದ ಗುರಪ್ಪ. "ಆಮ್ಯಾಲ ಚಹಾ."

ಹೆಲ್ಮೆಟ್ ತೆಗೆದಿಟ್ಟು ಸಹಿ ಮಾಡಿದೆ.