ಮರುಳಪ್ಪನವರಿಗೆ ಬಂದ ಬಿಕ್ಕಳಿಕೆ

ಪಟ್ಟಾಭಿರಾಯರು ಆ ಭಾನುವಾರ ಬೀದಿಯವರನ್ನೆಲ್ಲ ತಮ್ಮ ಮನೆಯ ಜಗಲಿಗೆ ಕರೆದು, ಕೊರಳಿಗೊಂದು ಪಟ್ಟಿ ಕಟ್ಟಿಕೊಂಡು ನಿಂತರು. ಪಟ್ಟಿಯ ಮುಂದೆ ಬೆಂಕಿಪೊಟ್ಟಣದಷ್ಟು ಪರದೆ, ಹಿಂದೆ ಒಂದು ತಿರುಪು. ಹಳೇ ಮೊಬೈಲು, ತೀರಿಕೊಂಡ ದೊಡ್ಡಪ್ಪನ ಕಿವಿಯಂತ್ರ ಮತ್ತು ಕುಕ್ಕರಿನ ಗ್ಯಾಸ್ಕೆಟ್ಟು ಸೇರಿ ಹುಟ್ಟಿದ ಸಾಮಾನು ಅದು!

"ಬಿಕ್ಕಳಿಕೆ ಬಂದ್ರೆ ನಾವೇನಂತೀವಿ? ಯಾರೋ ನೆನೆಸ್ಕೋತಿದಾರೆ ಅಂತೀವಿ. ಯಾರು ಅಂತ ಇವತ್ತಿನವರೆಗೂ ಯಾರಾದ್ರೂ ಪತ್ತೆ ಮಾಡಿದಾರಾ? ನಾನು ಮಾಡಿದೀನಿ!"

ಹೀಗೆಂದವರೇ ಒಂದು ಮುಷ್ಟಿ ಹುರಿಹಿಟ್ಟನ್ನು ನೀರಿಲ್ಲದೆ ಬಾಯಿಗೆ ಎರಚಿಕೊಂಡರು. ಹಿಕ್! ಪರದೆಯ ಮೇಲೆ 'ಕಮಲಾ, ಕಡೂರು' ಎಂದು ಅಕ್ಷರ ಮೂಡಿತು. ಕಮಲಾ ಎಂದರೆ ರಾಯರ ಅತ್ತಿಗೆ. ಕೂಡಲೇ ಎಲ್ಲರಿಗೂ ಕೇಳಿಸುವಂತೆ ಫೋನು ಹಚ್ಚಿದರು.

"ಅಯ್ಯೋ ಪಟ್ಟಾಭೀ! ಈಗ ತಾನೆ ನಿನ್ನ ವಿಷಯಾನೇ ಮಾತಾಡ್ತಿದ್ವಿ ಕಣೋ. ನೂರು ವರ್ಷ ಆಯಸ್ಸು ನಿಂಗೆ!"

ಬೀದಿ ಚಪ್ಪಾಳೆ ತಟ್ಟಿತು. ಪಕ್ಕದ ಮನೆಯ ಮರುಳಪ್ಪನವರು ಮಾತ್ರ ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತಿದ್ದರು. ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಓದಿದವರು. ಅಂದಿನಿಂದಲೂ ಪಟ್ಟಾಭಿಗೆ ಚಪ್ಪಾಳೆ ಬಿದ್ದರೆ ಮರುಳಪ್ಪನವರ ಹೊಟ್ಟೆಯಲ್ಲಿ ಏನೋ ಉರಿಯುತ್ತಿತ್ತು. ಅದಕ್ಕವರು ಆಸಿಡಿಟಿ ಎಂದು ಹೆಸರಿಟ್ಟುಕೊಂಡು ಮಾತ್ರೆ ನುಂಗುತ್ತಿದ್ದರು.

"ಈ ತಿರುಪಿಗೆ ಮಾತ್ರ ಯಾರೂ ಕೈ ಹಾಕ್ಬೇಡಿ. ಎಡಕ್ಕಿದ್ರೆ ಬರೀ ಪತ್ತೆ ಮಾಡುತ್ತೆ. ಬಲಕ್ಕೆ ತಿರುಗಿಸಿದ್ರೆ ಜನ ನಮ್ಮನ್ನ ನೆನೆಸ್ಕೊಳ್ಳೋ ಹಾಗೆ ಅದೇ ಏನಾದ್ರೂ ಮಾಡುತ್ತೆ. ಏನು ಮಾಡುತ್ತೋ ನಂಗೂ ಗೊತ್ತಿಲ್ಲ!" ಎಂದರು ರಾಯರು.

ಒಬ್ಬೊಬ್ಬರೇ ಪಟ್ಟಿ ಕಟ್ಟಿಕೊಂಡರು. ಟೀಚರ್ ಶಿವಲೀಲಾಗೆ ಹಳೇ ಶಿಷ್ಯೆಯ ಹೆಸರು ಬಂತು. ಹಾಲಿನ ರತ್ನಮ್ಮನನ್ನು ಅವಳ ಎಮ್ಮೆಯೇ ನೆನೆಸಿಕೊಳ್ಳುತ್ತಿತ್ತು; ಓಡಿಹೋಗಿ ನೋಡಿದರೆ ಪಾಪ, ಬಾನಿಯಲ್ಲಿ ನೀರೇ ಇರಲಿಲ್ಲ!

ಮರುಳಪ್ಪನವರ ಸರದಿ ಬಂತು. ಅರಸೀಕೆರೆ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಆಗಿ, ಮೈಕು ಹಿಡಿದು ಬಸ್ಸುಗಳನ್ನು ಕೂಗಿ ಕೂಗಿ ನಿವೃತ್ತರಾದವರು ಅವರು. ಅವರ ದನಿ ಕೇಳದೆ ಆ ಊರಿನಲ್ಲಿ ಯಾರೂ ಬಸ್ಸು ಹತ್ತಿದವರಿಲ್ಲ. ಅರ್ಧ ಜಿಲ್ಲೆಯಾದರೂ ತಮ್ಮನ್ನು ನೆನೆಯುತ್ತಿರಬೇಕು, ಪರದೆ ಚಿಕ್ಕದಾಯಿತಲ್ಲ ಎಂದುಕೊಂಡೇ ಅವರು ಹುರಿಹಿಟ್ಟು ಮುಕ್ಕಿದರು. ಹಿಕ್! ಹಿಕ್!

ಪರದೆಯ ಮೇಲೆ ಬಂದದ್ದು ಇಷ್ಟೇ: 'ಯಾರೂ ಇಲ್ಲ. ನಿಧಾನವಾಗಿ ತಿನ್ನಿ.'

ಬೀದಿ ಬಿದ್ದು ಬಿದ್ದು ನಕ್ಕಿತು. ಅಷ್ಟರಲ್ಲಿ ಪಟ್ಟಿಯನ್ನು ವಾಪಸು ಕಟ್ಟಿಕೊಂಡ ರಾಯರಿಗೆ ಇನ್ನೊಂದು ಬಿಕ್ಕಳಿಕೆ ಬಂದು ಪರದೆಯಲ್ಲಿ 'ಸರ್ವಮಂಗಳ' ಎಂದು ಮೂಡಿತು. ಸರ್ವಮಂಗಳ ಎಂದರೆ ಸಾಕ್ಷಾತ್ ಮರುಳಪ್ಪನವರ ಹೆಂಡತಿ!

ಮನೆಗೆ ಬಂದವರೇ ಮರುಳಪ್ಪನವರು ಗುಡುಗಿದರು. "ಅವನನ್ನ ಯಾಕೆ ನೆನೆಸ್ಕೊಂಡೆ?"

"ರಿಪೇರಿಗೆ ಅಂತ ನಮ್ಮ ಮಿಕ್ಸಿ ತಗೊಂಡು ಹೋಗಿದಾರಲ್ಲ, ಚಟ್ನಿ ರುಬ್ಬೋವಾಗ ನೆನಪಾಯ್ತು."

"ನನ್ನನ್ನ ಒಂದು ದಿನಾನಾದ್ರೂ ನೆನೆಸ್ಕೊಂಡಿದೀಯಾ?"

"ನೆನೆಸ್ಕೊಳ್ಳೋಕೆ ನೀವು ಎಲ್ಲಾದ್ರೂ ಹೋದ್ರೆ ತಾನೆ? ರಿಟೈರಾದಾಗಿಂದ ಕಣ್ಣೆದುರಿಗೇ ಕೂತಿದೀರಲ್ಲ!"

ಆ ರಾತ್ರಿ ಅವರಿಗೆ ನಿದ್ದೆ ಹತ್ತಲಿಲ್ಲ. ಒಂದು ಎಮ್ಮೆಗಿರುವ ನೆನಪು ಮನುಷ್ಯರಿಗಿಲ್ಲವೇ?

ಮಾರನೇ ದಿನ ಬೆಳಿಗ್ಗೆ ಸರ್ವಮಂಗಳ ರಾಗಿ ಡಬ್ಬ ಹೊತ್ತು ಹಿಟ್ಟಿನ ಗಿರಣಿಗೆ ಹೋದರು. ಆಚೆ ಮನೆಯಲ್ಲಿ ರಾಯರು ಸ್ನಾನಕ್ಕೆ ಇಳಿದದ್ದೇ ತಡ, ಮರುಳಪ್ಪನವರು ಜಗಲಿಯಿಂದ ಯಂತ್ರವನ್ನು ಎಗರಿಸಿ ತಂದು, ಕೊರಳಿಗೆ ಕಟ್ಟಿಕೊಂಡು ತಿರುಪನ್ನು ಬಲಕ್ಕೆ, ಅದು ಹೋಗುವಷ್ಟೂ ತಿರುಗಿಸಿಬಿಟ್ಟರು!

ಯಂತ್ರ ಗುಂಯ್ ಎಂದು ಅವರ ಮೊಬೈಲಿನೊಳಗೆ ಕೈಯಾಡಿಸಿತು. ಜನ ಇವರನ್ನು ನೆನೆಯುವಂತೆ ಮಾಡುವುದು ಹೇಗೆಂದು ಅದೂ ಪಾಪ ತಲೆ ಕೆಡಿಸಿಕೊಂಡಿತು. ದಿನಾ ಬೆಳಿಗ್ಗೆ ಅವರು ಗ್ರೂಪುಗಳಿಗೆ ಕಳಿಸುತ್ತಿದ್ದ ಗುಲಾಬಿ ಹೂವಿನ ಶುಭೋದಯಗಳಿಗೆ ಒಬ್ಬನೂ ಉತ್ತರ ಬರೆದಿರಲಿಲ್ಲ. ಇಡೀ ಗ್ರೂಪು ಒಟ್ಟಾಗಿ ಬಾಯಿ ಬಿಡುತ್ತಿದ್ದದ್ದು ಯಾರಾದರೂ ಸತ್ತಾಗ ಮಾತ್ರ. ಯಂತ್ರಕ್ಕೆ ದಾರಿ ಹೊಳೆಯಿತು. ನಿವೃತ್ತಿಯ ದಿನ ತೆಗೆದ ಫೋಟೋ ಇದ್ದೇ ಇತ್ತು, ಅದರಲ್ಲಿ ಹಾರವೂ ಬಿದ್ದೇ ಇತ್ತು!

ಮೊದಲ ಬಿಕ್ಕಳಿಕೆಗೆ 'ಡ್ರೈವರ್ ಇಮಾಮ್ ಸಾಬ್' ಎಂದು ಬಂತು. ಮರುಳಪ್ಪನವರ ಕಣ್ಣು ಅರಳಿತು. ಹಿಕ್! ಹಾಸನದ ಷಡ್ಡಕ. ಹಿಕ್! ಟೀಚರ್ ಶಿವಲೀಲಾ. ಹಿಕ್! ಹಿಕ್! ಹೆಸರುಗಳು ಬಸ್ಸಿನ ಬಾಗಿಲಲ್ಲಿ ನುಗ್ಗಿದಂತೆ ಒಂದರ ಮೇಲೊಂದು ಬಂದವು. 'ನೋಡೋ ಪಟ್ಟಾಭಿ, ನೋಡು!' ಎಂದು ಕೂಗಬೇಕೆನ್ನುವಷ್ಟು ಸಂತೋಷವಾಯಿತು. ಕೂಗಲು ಉಸಿರು ಸಿಗಲಿಲ್ಲ.

ಫೋನು ಬಡಿದುಕೊಂಡಿತು. ಇಮಾಮ್ ಸಾಬರು.

"ನಾ... ಹಿಕ್! ನಾನು... ಹಿಕ್!"

"ಅಳ್ಬೇಡಿ ಅಕ್ಕಾವ್ರೇ! ಧೈರ್ಯ ತಂದ್ಕೊಳ್ಳಿ. ಈಗ್ಲೇ ಎಲ್ರನ್ನೂ ಕರ್ಕೊಂಡು ಬರ್ತೀನಿ."

ಜಿಲ್ಲೆಗೇ ಪರಿಚಯವಿದ್ದ ತಮ್ಮ ದನಿಯನ್ನು ಹೆಂಡತಿಯ ಅಳು ಎಂದುಕೊಂಡನಲ್ಲ! ಸಿಟ್ಟಿನಲ್ಲಿ ಮೊಬೈಲು ತೆರೆದರು. 'ಲಿಂಗೈಕ್ಯ ಶ್ರೀ ಮರುಳಪ್ಪನವರಿಗೆ ಭಾವಪೂರ್ಣ ಶ್ರದ್ಧಾಂಜಲಿ.' ಕೆಳಗೆ ಕೈಮುಗಿದ ಚಿತ್ರಗಳ ಸಾಲೇ ಸಾಲು. ಅದರ ನಡುವೆ ಯಾರೋ ಅಭ್ಯಾಸಬಲದಿಂದ ಹುಟ್ಟುಹಬ್ಬದ ಶುಭಾಶಯವನ್ನೂ ಹಾಕಿದ್ದರು.

ಪಟ್ಟಿ ಕೀಳಹೋದರೆ ಗ್ಯಾಸ್ಕೆಟ್ಟು ಕತ್ತಿಗೆ ಕಚ್ಚಿಕೊಂಡಿತ್ತು. ತಿರುಪು ತಿರುಗಿಸಹೋದರೆ ಕೈಗೇ ಕಿತ್ತು ಬಂತು. ಅದೇ ಹೊತ್ತಿಗೆ ಪಕ್ಕದ ಬೀದಿಯ ಬಸ್‌ಸ್ಟ್ಯಾಂಡಿನಿಂದ ಮೈಕು ಕೂಗಿತು. "ಪ್ರಯಾಣಿಕರ ಗಮನಕ್ಕೆ. ನಮ್ಮ ಮರುಳಪ್ಪನವರ ಆತ್ಮಶಾಂತಿಗಾಗಿ ಎಲ್ಲರೂ ಒಂದು ನಿಮಿಷ ಎದ್ದು ನಿಲ್ಲಬೇಕಾಗಿ ವಿನಂತಿ."

ಇಡೀ ಬಸ್‌ಸ್ಟ್ಯಾಂಡು ಒಟ್ಟಿಗೆ ನೆನೆಸಿಕೊಂಡರೆ ಏನಾಗಬೇಡ! ಮರುಳಪ್ಪನವರು ಕೋಣೆಯಲ್ಲಿ ಕೂತಿದ್ದ ಮಂಚದಿಂದ ಮೇಲಕ್ಕೆ ಹಾರಿದರು. ಕನ್ನಡಕ ಹಾರಿತು, ಕಟ್ಟಿಸಿದ ಹಲ್ಲು ಹಾರಿ ಬೀರುವಿನ ಕೆಳಗೆ ಸೇರಿತು. ಹಲ್ಲಿಗಾಗಿ ತಡಕಾಡುತ್ತಿದ್ದಾಗಲೇ ಜನ ಪಡಸಾಲೆಗೆ ಬಂದು ತುಂಬಿಕೊಂಡರು. ಅವರು ಬಾಯಿಗೆ ಟವೆಲು ತುರುಕಿಕೊಂಡು ಕೋಣೆಯ ಬಾಗಿಲ ಹಿಂದೆ ನಿಂತರು. ತಕ್ಷಣ ಹೊರಗೆ ಹೋಗಬಹುದಿತ್ತು. ಆದರೆ ಜನ ತಮ್ಮ ವಿಷಯ ಮಾತಾಡುತ್ತಿದ್ದರಲ್ಲ!

"ಅವ್ರು ಕೂಗಿದ್ರೆ ಕೆಟ್ಟು ನಿಂತ ಬಸ್ಸೂ ಹೊರಡೋದು," ಎಂದರು ಇಮಾಮ್ ಸಾಬರು.

"ಎಷ್ಟು ನಗಿಸ್ತಿದ್ರು!" ಎಂದರು ಶಿವಲೀಲಾ. ಮರುಳಪ್ಪನವರು ಜನ್ಮದಲ್ಲಿ ಯಾರನ್ನೂ ನಗಿಸಿದವರಲ್ಲ.

ಆಮೇಲೆ ಪಟ್ಟಾಭಿರಾಯರ ದನಿ ಕೇಳಿಸಿತು. ಒದ್ದೆ ಪಂಚೆಯಲ್ಲೇ ಓಡಿಬಂದಿದ್ದ ರಾಯರು ಗೊಳೋ ಎಂದು ಅಳುತ್ತಿದ್ದರು. "ನಾನು ಇಷ್ಟೆಲ್ಲ ಯಂತ್ರ ಮಾಡಿದ್ದು ಇವನ ಬಾಯಲ್ಲಿ ಒಂದ್ಸಲ ಭೇಷ್ ಅನ್ನಿಸ್ಕೊಳ್ಳೋಕೆ. ಚಿಕ್ಕಂದಿನಿಂದ ನಂಗೆ ಇವನ ದನಿ ಮೇಲೆ ಹೊಟ್ಟೆಕಿಚ್ಚು. ಎಂಥಾ ಮನುಷ್ಯ! ಇನ್ನೆಲ್ಲಿ ಸಿಗ್ತಾನೆ?"

ಮರುಳಪ್ಪನವರ ಎದೆ ತುಂಬಿಬಂತು. ಹಿಂದೆಯೇ ಹೊಟ್ಟೆಯೂ ಉರಿಯಿತು. ಇಷ್ಟು ಪ್ರೀತಿಯನ್ನೆಲ್ಲ ಆ ಸತ್ತ ಮರುಳಪ್ಪ ಒಬ್ಬನೇ ಹೊಡೆದುಕೊಂಡು ಹೋಗುತ್ತಿದ್ದಾನೆ! ಅವನು ಬಸ್ಸು ಹೊರಡಿಸಿದವನಂತೆ, ಅವನು ನಗಿಸಿದವನಂತೆ. ಬದುಕಿರುವ ತಮಗೆ ನಿಧಾನವಾಗಿ ತಿನ್ನಲು ಹೇಳಿದ್ದು ಬಿಟ್ಟರೆ ಸಿಕ್ಕಿದ್ದೇನು? ಅವನ ಮೇಲೆ ಬಂದಷ್ಟು ಅಸೂಯೆ ಪಟ್ಟಾಭಿಯ ಮೇಲೂ ಯಾವತ್ತೂ ಬಂದಿರಲಿಲ್ಲ. ಟವೆಲು ಕಿತ್ತೆಸೆದು ಬಾಗಿಲು ತಳ್ಳಿ ಹೊರಗೆ ಬಂದೇಬಿಟ್ಟರು.

"ನಾನು... ಹಿಕ್! ಇಲ್ಲೇ ಇದೀನಿ! ಅದನ್ನೆಲ್ಲ ನಂಗೇ ಹೇಳಿ!"

ಹಲ್ಲಿಲ್ಲದ ಬಾಯಿ, ಕೆದರಿದ ತಲೆ. ಜನ ಕಿರುಚಿ ಗೋಡೆಗೆ ಅಂಟಿಕೊಂಡರು. ಒಂದು ಗಳಿಗೆಯ ನಂತರ, ಮನುಷ್ಯ ನಿಜವಾಗಿ ಬದುಕಿದ್ದಾನೆ ಎಂಬುದು ಎಲ್ಲರಿಗೂ ಖಾತ್ರಿಯಾಯಿತು.

ಆ ಕ್ಷಣವೇ ಬಿಕ್ಕಳಿಕೆ ಪಟ್ಟನೆ ನಿಂತುಹೋಯಿತು.

ಮರುಳಪ್ಪನವರು ಕಾದರು. ಶಿವಲೀಲಾಗೆ ಸ್ಕೂಲಿನ ಬೆಲ್ಲು ನೆನಪಾಯಿತು, ಇಮಾಮ್ ಸಾಬರಿಗೆ ಡ್ಯೂಟಿ ನೆನಪಾಯಿತು. ರತ್ನಮ್ಮ ತಾನು ತಂದಿದ್ದ ಹಾರವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. "ನಮ್ಮತ್ತೇಗೂ ಹುಷಾರಿಲ್ಲ, ಇರ್ಲಿ" ಎಂದಳು.

ರಾಯರು ಕಣ್ಣೊರೆಸಿಕೊಂಡು, ಎಣ್ಣೆ ಹಚ್ಚಿ ಪಟ್ಟಿ ಬಿಡಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿದರು. "ಯಂತ್ರ ಸರಿಯಾಗೇ ಕೆಲಸ ಮಾಡಿದೆ ಕಣೋ. ನೀನು ಎದ್ದು ಬಂದು ಕೆಡಿಸಿದೆ!" ಎಂದು ಮುನಿಸಿಕೊಂಡು ಹೊರಟೇಹೋದರು.

ಅಷ್ಟರಲ್ಲಿ ಸರ್ವಮಂಗಳ ಹಿಟ್ಟಿನ ಡಬ್ಬದೊಂದಿಗೆ ಒಳಗೆ ಬಂದರು. ಮರುಳಪ್ಪನವರು ಬರಿದಾದ ಪಡಸಾಲೆಯಲ್ಲಿ ಒಬ್ಬರೇ ಕೂತಿದ್ದರು.

"ಊರೆಲ್ಲ ನೆನೆಸ್ಕೊಳ್ತು ಕಣೇ. ಅಷ್ಟು ಹೆಸರು ಬಂದ್ರೂ ನಿನ್ನದೊಂದು ಬರಲಿಲ್ಲ. ನಾನು ಸತ್ತೆ ಅಂತ ನಿಂಗೆ ಯಾರೂ ಹೇಳಲಿಲ್ವಾ?"

"ಗಿರಣೀಲಿ ಎಲ್ಲರೂ ಹೇಳಿದ್ರು. ನಾನು ನಂಬಲಿಲ್ಲ," ಎಂದರು ಸರ್ವಮಂಗಳ, ಡಬ್ಬ ಇಳಿಸುತ್ತ. "ಬೆಳಿಗ್ಗೆ ನಾನು ಹೊರಡೋವಾಗ ಮಧ್ಯಾಹ್ನಕ್ಕೆ ಸಾರು ಏನು ಅಂತ ಕೇಳಿದ್ರಿ. ನಾನಿನ್ನೂ ಹೇಳಿರಲಿಲ್ಲ. ಅದು ಗೊತ್ತಾಗದೆ ಸಾಯೋ ಪೈಕಿ ಅಲ್ಲ ನೀವು."